ಸುಲಿಯೋರು ಯಾಕೆ ಬರ್ತಾರೆ, ಯಾಕೆ ಬಿಡ್ತಾರೆ

ಚನ್ನಗಿರಿ ಸೀಮೆಯಲ್ಲಿ ಅಡಿಕೆ ಖೇಣಿ, ಅಂದರೆ ತೋಟದ ಫಸಲನ್ನು ಗುತ್ತಿಗೆಗೆ, ಹಿಡಿಯುವ ಇಬ್ಬರು ಸೇರಿದರೆ ಮೊದಲು ರೇಟಿನ ಮಾತು, ಆಮೇಲೆ ‘ಆಳು ಸಿಗಲ್ಲ’ ಅನ್ನೋ ಮಾತು. 2023ರಲ್ಲಿ ಗೃಹಲಕ್ಷ್ಮಿ ಬಂದ ಮೇಲೆ ಅದಕ್ಕೊಂದು ಕಾರಣವೂ ಸಿಕ್ಕಿತು: ‘ಮನೇಲಿ ಕೂತ್ರೆ ಎರಡು ಸಾವಿರ ಬರ್ತೈತೆ, ಇಲ್ಲಿಗ್ಯಾಕೆ ಬರ್ತಾರೆ?’ ನಾನು ಇದನ್ನು ಒಪ್ಪುವುದಿಲ್ಲ. ನಮ್ಮಲ್ಲಿ ತೋಟ ಹಿಡಿಯುವ ವ್ಯವಹಾರ ಯಜಮಾನರದು, ಸುಲಿಯುವ ಕಣ ನನ್ನದು. ವಾರ ವಾರ ಸಂಘದ ಕಂತು ಕಟ್ಟುವ ಹೆಂಗಸು ತಿಂಗಳಿಗೆ 2,000 ರೂಪಾಯಿ ಬಂತೆಂದು ಕೆಲಸ ಬಿಡುವುದನ್ನು ನಾನು ನೋಡಿಲ್ಲ. ಅದೇ ವರ್ಷ ಜೂನ್‌ನಲ್ಲಿ ಬಸ್ಸು ಫ್ರೀ ಆಯಿತಲ್ಲ, ಅದರಿಂದ ದೂರದ ಹಳ್ಳಿಯವರೂ ನನ್ನ ಕಣಕ್ಕೆ ಬರತೊಡಗಿದರು. ಆದರೆ ಒಂದು ದಿನ ಕೊನೇ ಬಸ್ಸು ತಪ್ಪಿತೋ, ಮಾರನೇ ದಿನದಿಂದ ಮನೆಯವರು ಕಳಿಸುವುದಿಲ್ಲ. ಕೂಲಿ ಎಷ್ಟು ಏರಿಸಿದರೂ ಅಷ್ಟೇ. ಅದಕ್ಕೇ ತಡವಾದ ದಿನ ಮನೆ ಬಾಗಿಲಿಗೆ ಬಿಟ್ಟು ಬರಲು ಒಂದು ಗೂಡ್ಸ್ ಆಟೋ ಗೊತ್ತು ಮಾಡಿಟ್ಟಿದ್ದೇನೆ. ಈ ಕಣದಲ್ಲಿ ನಾನು ಮಾಡಿದ ದೊಡ್ಡ ‘ಮೋಟಿವೇಷನ್’ ಯಾವುದು ಅಂದರೆ ಆ ಆಟೋ.

ಕೆಲಸ ಗೊತ್ತಿಲ್ಲದವರಿಗೆ ಎರಡು ಮಾತು. ಮಳೆಗಾಲದ ಕೊನೆಯಿಂದ ಸಂಕ್ರಾಂತಿ ಆಸುಪಾಸಿನವರೆಗೆ ಕೊಯ್ಲು. ಕೊಯ್ದ ಹಸಿ ಕಾಯಿ ಕಾಯುವುದಿಲ್ಲ. ಸುಲಿದು, ಚೊಗರಿನಲ್ಲಿ (ಅಡಿಕೆ ಬೇಯಿಸಿದ ಕೆಂಪು ರಸ) ಬೇಯಿಸಿ, ಹರವಿ ಒಣಗಿಸಬೇಕು. ರಾಶಿ ಬಿದ್ದಲ್ಲೇ ಬಿದ್ದಿದ್ದರೆ ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟರೆ ರೇಟು ಹೋಯಿತು. ಈಗ ಸುಲಿಯುವ ಮಷಿನ್ ಬಂದಿದೆ, ನಮ್ಮಲ್ಲೂ ಒಂದಿದೆ. ಆದರೂ ಮಷಿನ್ ಅರ್ಧ ಸುಲಿದು ಬಿಟ್ಟದ್ದನ್ನು ಬಿಡಿಸಲು, ಗಾಯವಾದದ್ದನ್ನು ಬೇರೆ ಮಾಡಲು, ಕರೆಂಟು ಹೋದಾಗ ಕತ್ತಿ ಹಿಡಿಯಲು ಹೆಂಗಸರೇ ಬೇಕು.

ಯಾರಿಗೆ ಏನು ಬೇಕು ಅಂತ ತಿಳಿಯುವುದು ಹೇಗೆ? ನೇರ ಕೇಳಿದರೆ ಸಿಗುವುದಿಲ್ಲ. ‘ನಿನ್ನೆ ಯಾಕೆ ಬರ್ಲಿಲ್ಲ?’ ಅಂದರೆ ‘ಹುಷಾರಿರ್ಲಿಲ್ಲಕ್ಕ’. ಮುಗಿಯಿತು. ನಾನು ಬೇರೆಯವರ ಮೇಲೆ ಹಾಕಿ ಕೇಳುತ್ತೇನೆ: ‘ನಿಮ್ಮ ಓಣಿಯೋರು ಈ ವರ್ಷ ಯಾಕೆ ಕಮ್ಮಿ ಬರ್ತಾರವ್ವ?’ ಆಗ ಬಾಯಿ ಬಿಡುತ್ತಾರೆ. ‘ಅವ್ರಿಗೆ ತೂಕದ ಮ್ಯಾಲೆ ನಂಬಿಕೆ ಇಲ್ಲಂತಕ್ಕ’, ‘ದುಡ್ಡು ಕೈಗೆ ಬಂದ್ರೆ ಮಗ ಕಸ್ಕೊಳ್ತಾನಂತೆ’. ಓಣಿಯವರ ಹೆಸರಲ್ಲಿ ಬರುವುದು ಬಹುಪಾಲು ಹೇಳಿದವಳದೇ ಕಥೆ. ಅದನ್ನು ಅವಳ ಮುಖದ ಮೇಲೆ ಎತ್ತಿ ಆಡಬಾರದು, ವ್ಯವಸ್ಥೆ ಮಾತ್ರ ಬದಲಿಸಬೇಕು.

ತೂಕದ ವಿಷಯವನ್ನೇ ತಗೊಳ್ಳಿ. ಸುಲಿದದ್ದಕ್ಕೆ ಕೆಜಿ ಲೆಕ್ಕದಲ್ಲಿ ಕೂಲಿ. ಬುಟ್ಟಿ ತಂದು ತಕ್ಕಡಿ ಮೇಲಿಡುತ್ತಾರೆ, ನಮ್ಮ ಕಡೆಯವರು ಬರೆದುಕೊಳ್ಳುತ್ತಾರೆ. ಎಲೆಕ್ಟ್ರಾನಿಕ್ ತಕ್ಕಡಿಯೇ ಆದರೂ ಅಂಕಿ ಕಾಣುವ ಮುಖ ಬರೆಯುವವರ ಕಡೆ. ಬುಟ್ಟಿ ಇಟ್ಟವಳಿಗೆ ಕಾಣುವುದು ಬರೆಯುವವರ ಪೆನ್ನು ಮಾತ್ರ. ಮೋಸ ಇರಲಿ, ಬಿಡಲಿ, ದಿನವಿಡೀ ಕತ್ತಿಯ ಮುಂದೆ ಕೂತವಳಿಗೆ ಆ ಗಳಿಗೆ ಮುಖ್ಯ. ತಕ್ಕಡಿಯನ್ನು ತಿರುಗಿಸಿ ಇಟ್ಟೆವು. ಬುಟ್ಟಿಯ ತೂಕ ಎಷ್ಟು ಕಳೆಯುತ್ತೇವೆ ಅಂತ ಖಾಲಿ ಬುಟ್ಟಿಯನ್ನೇ ಎಲ್ಲರೆದುರು ಇಟ್ಟು ತೋರಿಸಿದೆವು. ಬರೆಯುವ ಪುಸ್ತಕವನ್ನು ಅವರಲ್ಲೇ ಒಬ್ಬಳ ಕೈಗೆ ಕೊಟ್ಟೆವು. ಕೂಲಿ ಒಂದು ರೂಪಾಯಿ ಜಾಸ್ತಿ ಮಾಡಲಿಲ್ಲ. ಆದರೆ ಸಂಜೆ ತೂಕದ ಹೊತ್ತಿನ ಗುದ್ದಾಟ ನಿಂತಿತು. ‘ಇವ್ರು ಹೆಂಗೂ ಹೊಡೀತಾರೆ’ ಅಂತ ಸಿಪ್ಪೆ ಸಮೇತ ಕಾಯಿ ಬುಟ್ಟಿಯ ತಳಕ್ಕೆ ಹಾಕುತ್ತಿದ್ದರಲ್ಲ, ಅದೂ ಕಡಿಮೆಯಾಯಿತು.

ಆ ಪುಸ್ತಕ ಯಾರ ಕೈಗೆ ಹೋಯಿತು ಅನ್ನುವುದಕ್ಕೂ ಕಾರಣವಿದೆ. ಅಡಿಕೆ ಸುಲಿದ ಬೆರಳು ನೋಡಿದ್ದೀರಾ? ಹಸಿ ಕಾಯಿಯ ಕಲೆ ಉಗುರಿನ ಸಂದಿಗೆ ಇಳಿದು ಕರ್ರಗಾಗಿರುತ್ತದೆ. ಹೆಬ್ಬೆರಳಿನ ತುದಿ ಬಿರಿದು ಗೀರು ಗೀರು. ಹಳೇ ಬಟ್ಟೆ ಸುತ್ತಿಕೊಂಡರೂ, ಕೊಬ್ಬರಿ ಎಣ್ಣೆ ಸವರಿದರೂ ಸೀಸನ್ ಮುಗಿಯುವ ತನಕ ಹೋಗುವುದಿಲ್ಲ. ಪಿಯುಸಿ ಮುಗಿಸಿದ್ದ ಒಬ್ಬ ಹುಡುಗಿ ಚುರುಕಾಗಿ ಸುಲಿಯುತ್ತಿದ್ದವಳು ಒಮ್ಮಿಂದೊಮ್ಮೆ ನಿಂತುಬಿಟ್ಟಳು. ‘ಕೂಲಿ ಸಾಲದಂತೆ’ ಎಂದರು. ಆಮೇಲೆ ಅವಳ ದೊಡ್ಡಮ್ಮನೇ ಮೆಲ್ಲಗೆ ಹೇಳಿದ್ದು: ‘ನೋಡೋಕೆ ಗಂಡಿನ ಕಡೆಯೋರು ಬರ್ತಾರಕ್ಕ. ಈ ಕೈಯಾಗೆ ಹೆಂಗೆ ಕಾಫಿ ಕೊಡ್ತಾಳೆ?’ ಕತ್ತಿ ಬಿಡಿಸಿ ಪುಸ್ತಕ ಕೊಟ್ಟೆ. ಮರುದಿನ ಎಲ್ಲರಿಗಿಂತ ಮುಂಚೆ ಬಂದಿದ್ದಳು.

ನಮ್ಮ ಮಗ ದಾವಣಗೆರೆ ವಿಶ್ವವಿದ್ಯಾಲಯದ ಶಿವಗಂಗೋತ್ರಿಯಲ್ಲಿ ಎಂಬಿಎ ಓದುವಾಗ ಅವನ ನೋಟ್ಸಿನಲ್ಲಿ ಮಾಸ್ಲೋ ಅನ್ನುವ ಮನಃಶಾಸ್ತ್ರಜ್ಞರ ಪಿರಮಿಡ್ ಚಿತ್ರ ಇತ್ತು, ಮನುಷ್ಯನಿಗೆ ಏನೇನು ಬೇಕು ಅಂತ ಮೆಟ್ಟಿಲು ಮೆಟ್ಟಿಲಾಗಿ ತೋರಿಸುವುದು. 1943ರಲ್ಲಿ ಬರೆದ ವಿಚಾರವಂತೆ, ಚಿತ್ರ ಮಾತ್ರ ಆಮೇಲಿನವರು ಸೇರಿಸಿದ್ದಂತೆ. ತಳದಲ್ಲಿ ಅನ್ನ, ನೀರು. ಮಾನ ಮರ್ಯಾದೆ ಎಷ್ಟೋ ಮೇಲೆ. ಬೇಕಾದರೆ ಪರೀಕ್ಷೆಗೆ ಬರೆದುಕೋ ಎಂದೆ. ಕೂಲಿ ಬಿಟ್ಟು ಮನೆಯಲ್ಲಿ ಕೂತ ಆ ಹುಡುಗಿಯನ್ನು ಯಾವ ಮೆಟ್ಟಿಲಲ್ಲಿ ಕೂರಿಸುತ್ತಾರೋ ನನಗೆ ತಿಳಿಯಲಿಲ್ಲ.

ಅವನು ಹೇಳಿದ ಇನ್ನೊಂದು ಮಾತ್ರ ನನಗೆ ಉಪಯೋಗಕ್ಕೆ ಬಂತು. ಇಸ್ರೇಲಿನ ಹೈಫಾ ಊರಿನ 10 ಶಿಶುವಿಹಾರಗಳಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ಮಾಡಿ 2000ದಲ್ಲಿ ಪ್ರಕಟಿಸಿದ ಪ್ರಯೋಗ. ಸಂಜೆ ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ತಂದೆ ತಾಯಿಗೆ 6 ಕಡೆ ದಂಡ ಹಾಕಿದರು. ತಡ ಮಾಡುವವರು ಕಡಿಮೆಯಾಗಲಿಲ್ಲ, ಸುಮಾರು ಎರಡು ಪಟ್ಟಾದರು. ಮೊದಲು ‘ಪಾಪ, ಟೀಚರ್ ಕಾಯ್ತಾರೆ’ ಅನ್ನುವ ದಾಕ್ಷಿಣ್ಯ ಇತ್ತು. ಈಗ ದುಡ್ಡು ಕೊಟ್ಟೆವಲ್ಲ, ಕಾಯಲಿ ಬಿಡು ಅಂತಾಯಿತು. ದಂಡ ತೆಗೆದ ಮೇಲೂ ಹಳೇ ದಾಕ್ಷಿಣ್ಯ ವಾಪಸು ಬರಲಿಲ್ಲ. ಇದನ್ನು ಕೇಳುವ ಹೊತ್ತಿಗೆ ಪಕ್ಕದೂರಿನ ಕಣವೊಂದರಲ್ಲಿ ತಡವಾಗಿ ಬಂದವರಿಗೆ ಕೂಲಿ ಹಿಡಿಯುವ ಪದ್ಧತಿ ಶುರುವಾಗಿತ್ತು, ನಮ್ಮವರೂ ಅದನ್ನೇ ಮಾಡೋಣ ಎನ್ನುತ್ತಿದ್ದರು. ನಾನು ಬೇಡ ಎಂದೆ. ನನ್ನಲ್ಲಿ ತಡ ಮಾಡಿದವರಿಗೆ ದಂಡವಿಲ್ಲ, ಆದರೆ ಬೆಳಗಿನ ಮಂಡಕ್ಕಿ ಮೆಣಸಿನಕಾಯಿ ಅವರಿಗೆ ಕಾಯುವುದಿಲ್ಲ.

ದೀಪಾವಳಿಗೆ ಸೀರೆ ಕೊಡುವುದರಲ್ಲೂ ಇದೇ ತಲೆಬಿಸಿ. ಹೆಚ್ಚು ಸುಲಿದವರಿಗೆ ಮಾತ್ರ ಕೊಟ್ಟರೆ ಪೈಪೋಟಿ ಹುಟ್ಟುತ್ತದೆ, ನಿಜ. ಎಂಥ ಪೈಪೋಟಿ? ದಪ್ಪ ಕಾಯಿಯ ರಾಶಿ ಮುಂದೆ ಕೂರಲು ಜಗಳ, ಸಣ್ಣ ಕಾಯಿ ಪಕ್ಕದವಳ ಕಡೆ ತಳ್ಳುವುದು, ಅವಸರಕ್ಕೆ ಕತ್ತಿ ತಾಗಿದ ಕಾಯಿ. ನಾನು ಎಲ್ಲರಿಗೂ ಕೊಡುತ್ತೇನೆ, ಒಂದೇ ಬೆಲೆಯದು, ಬಣ್ಣ ಅವರವರ ಇಷ್ಟ. ನಮ್ಮಲ್ಲೊಬ್ಬ ಅಜ್ಜಿ ಇದ್ದಾರೆ, ಕೆಜಿ ಲೆಕ್ಕದಲ್ಲಿ ಎಲ್ಲರಿಗಿಂತ ಹಿಂದೆ. ಆದರೆ ಅವರು ಸೋಬಾನೆ ಎತ್ತಿದರೆ, ಊರ ಸುದ್ದಿ ತೆಗೆದರೆ, ಎದ್ದು ಹೋಗಬೇಕೆಂದವರು ಇನ್ನೊಂದು ಬುಟ್ಟಿ ಮುಗಿಸಿಯೇ ಏಳುತ್ತಾರೆ. ಬರೆಯುವ ಪುಸ್ತಕದಲ್ಲಿ ಅದಕ್ಕೆ ಕಾಲಂ ಇಲ್ಲ. ಅಜ್ಜಿಗೂ ಅದೇ ಸೀರೆ.

ಬಟವಾಡೆಯನ್ನು ಸಂಘದ ಕಂತಿನ ಹಿಂದಿನ ದಿನಕ್ಕೆ ಬದಲಿಸಿದ್ದೂ ಓಣಿಯವರ ಮಾತು ಕೇಳಿಯೇ. ಕೆಲವರ ದುಡ್ಡು ಅವರೇ ಹೇಳಿದಂತೆ ನನ್ನ ಹತ್ತಿರ ಇರುತ್ತದೆ. ಜೂನ್‌ನಲ್ಲಿ ಮಕ್ಕಳ ಫೀಸಿಗೆ ಕೊಡುತ್ತೇನೆ. ಬೇರೆ ಖೇಣಿದಾರರು ಮುಂಗಡ ಕೊಟ್ಟು ಕಟ್ಟಿಹಾಕುವ ಹೊತ್ತಿನಲ್ಲಿ ಇವರು ತಮ್ಮದೇ ದುಡ್ಡು ಒಯ್ಯುತ್ತಾರೆ.

ಇದ್ಯಾವುದೂ ಮಷಿನ್ ನಡೆಸುವ ಹುಡುಗನಿಗೆ ನಡೆಯುವುದಿಲ್ಲ. ಅವನಿಗೆ ಸೀರೆಯೂ ಬೇಡ, ಸೋಬಾನೆಯೂ ಬೇಡ. ಸ್ವಂತ ಮಷಿನ್ ತಗೊಂಡು ಊರೂರು ತಿರುಗಿ ಬಾಡಿಗೆಗೆ ಸುಲಿಯಬೇಕು ಅನ್ನುವುದು ಅವನ ಲೆಕ್ಕ. ಯಜಮಾನರಿಗೆ ಇದು ಗೊತ್ತಾದಾಗ ‘ಇವ್ನು ನಿಲ್ಲಲ್ಲ, ಬೇರೆಯವ್ರನ್ನ ನೋಡು’ ಎಂದರು. ನಿಲ್ಲುವುದಿಲ್ಲ, ನನಗೂ ಗೊತ್ತು. ಬ್ಲೇಡ್ ಬದಲಿಸುವುದು, ಬೆಲ್ಟ್ ಬಿಗಿ ಮಾಡುವುದು, ಬಿಡಿಭಾಗ ತರಲು ಶಿವಮೊಗ್ಗಕ್ಕೆ ಹೋಗುವುದು ಎಲ್ಲ ಅವನಿಗೇ ಬಿಟ್ಟಿದ್ದೇನೆ, ಅಂಗಡಿಯವರ ಪರಿಚಯವೂ ಅವನದೇ ಆಗಲಿ ಅಂತ. ಸದ್ಯಕ್ಕಂತೂ ರಾತ್ರಿ ಮಷಿನ್ ಸದ್ದು ಸ್ವಲ್ಪ ಬದಲಾದರೂ ಊಟದಿಂದ ಎದ್ದು ಓಡುತ್ತಾನೆ. ಬ್ಯಾಂಕಿನಲ್ಲಿ ಸಾಲಕ್ಕೆ ಜಾಮೀನು ಕೇಳಿದ್ದಾನೆ. ಯಜಮಾನರನ್ನು ಒಪ್ಪಿಸುವುದು ಇನ್ನೂ ಬಾಕಿ ಇದೆ.