ಬೆಳಕನ್ನು ನಿಧಾನವಾಗಿ ಬಿಟ್ಟುಕೊಡುವ ಆಂಟೆನಾ

ಸಿಲಿಕಾನ್ ಚಿಪ್‌ನಿಂದ ಹೊರಡುವ ಬೆಳಕಿನ ಕಿರಣವನ್ನು ಯಾವ ಭಾಗವನ್ನೂ ಅಲುಗಿಸದೆ ತಿರುಗಿಸಬಲ್ಲ ಆಂಟೆನಾವನ್ನು ವಿನ್ಯಾಸಗೊಳಿಸಲು ಕುಳಿತಾಗ, ಬೆಳಕು ಬೇಗ ಹೊರಬಿದ್ದಷ್ಟೂ ಒಳ್ಳೆಯದೆಂದೇ ನಾನು ಭಾವಿಸಿದ್ದೆ. 500 ನ್ಯಾನೊಮೀಟರ್ ಅಗಲ, 220 ನ್ಯಾನೊಮೀಟರ್ ದಪ್ಪದ ವೇವ್‌ಗೈಡ್‌ನ (ಬೆಳಕನ್ನು ಒಳಗೇ ಹಿಡಿದು ಸಾಗಿಸುವ ಸಿಲಿಕಾನ್ ಪಟ್ಟಿಯ) ಮೇಲೆ 70 ನ್ಯಾನೊಮೀಟರ್ ಆಳದ ಗೀರುಗಳನ್ನು ಸಾಲಾಗಿ ಕೊರೆದ ಗ್ರೇಟಿಂಗ್ ನನ್ನ ಮೊದಲ ಪ್ರಯತ್ನ. ಸಿಮ್ಯುಲೇಷನ್‌ನಲ್ಲಿ ಬೆಳಕೆಲ್ಲ ಕೆಲವೇ ಹತ್ತು ಮೈಕ್ರೊಮೀಟರ್‌ಗಳೊಳಗೆ ಮುಗಿದುಹೋಗಿ, ಕಿರಣ ಒಂದು ಡಿಗ್ರಿಗಿಂತ ಹೆಚ್ಚು ಹರಡಿತು. ಕಿರಣ ಸಪೂರವಾಗಬೇಕಾದರೆ ಬೆಳಕು ಉದ್ದಕ್ಕೂ ಸಮನಾಗಿ ಹೊರಬೀಳಬೇಕು: 1550 ನ್ಯಾನೊಮೀಟರ್ ತರಂಗಾಂತರದಲ್ಲಿ 1 ಮಿಲಿಮೀಟರ್ ಉದ್ದದ ಆಂಟೆನಾ ಕೊಡಬಲ್ಲ ಹರಡುವಿಕೆ ಸುಮಾರು 0.08 ಡಿಗ್ರಿ.

ಹಾಗಾಗಿ ಗ್ರೇಟಿಂಗನ್ನು ದುರ್ಬಲಗೊಳಿಸುವುದೇ ನನ್ನ ಮುಖ್ಯ ಕೆಲಸವಾಯಿತು. ವೇವ್‌ಗೈಡ್‌ನ ಪಕ್ಕಗಳಲ್ಲಿ ಐದಾರು ನ್ಯಾನೊಮೀಟರ್‌ನ ಹಲ್ಲುಗಳನ್ನು ಕೊಟ್ಟು ನೋಡಿದೆ. ಅಷ್ಟು ಸಣ್ಣ ಹಲ್ಲುಗಳು ತಯಾರಿಕೆಯ ಒರಟುತನದಲ್ಲೇ ಮರೆಯಾಗುತ್ತವೆ. ಕೊನೆಗೆ ಸಿಲಿಕಾನನ್ನು ಮುಟ್ಟದೆ, ಅದರ ಮೇಲಿನ ಆಕ್ಸೈಡ್ ಪದರದೊಳಗೆ ಸಿಲಿಕಾನ್ ನೈಟ್ರೈಡ್‌ನ ಪಟ್ಟಿಗಳನ್ನಿಟ್ಟೆ. ಆಕ್ಸೈಡ್‌ನ ವಕ್ರೀಭವನ ಸೂಚ್ಯಂಕ 1.44, ನೈಟ್ರೈಡ್‌ನದು ಸುಮಾರು 2, ಸಿಲಿಕಾನ್‌ನದು 3.48, ಆಕ್ಸೈಡ್‌ಗೂ ನೈಟ್ರೈಡ್‌ಗೂ ನಡುವಿನ ಅಂತರ ಕಡಿಮೆಯಿರುವುದರಿಂದ ಪಟ್ಟಿಗಳು ಬೆಳಕನ್ನು ಮೃದುವಾಗಿ ಮಾತ್ರ ಚದುರಿಸುತ್ತವೆ. ಮುಂದೆ ಹೋದಂತೆ ಒಳಗಿನ ಬೆಳಕು ಕಡಿಮೆಯಾಗುವುದರಿಂದ ಪಟ್ಟಿಗಳ ಅಗಲವನ್ನು ಕ್ರಮವಾಗಿ ಹೆಚ್ಚಿಸಿದೆ: ಅರ್ಧ ಬೆಳಕು ಉಳಿದಿರುವಲ್ಲಿ ಆರಂಭದ ಎರಡರಷ್ಟು ಬಲ ಬೇಕಾಗುತ್ತದೆ.

ಕಿರಣವನ್ನು ನೇರ ಮೇಲಕ್ಕೆ ಬಿಡಲಿಲ್ಲ, ಏಕೆಂದರೆ ಆ ಕೋನದಲ್ಲಿ ಪ್ರತಿಯೊಂದು ಪಟ್ಟಿಯ ಪ್ರತಿಫಲನವೂ ಒಂದಕ್ಕೊಂದು ಕೂಡಿಕೊಂಡು ಬೆಳಕು ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ವೇವ್‌ಗೈಡ್‌ನೊಳಗೆ ಸಾಗುವ ಬೆಳಕು ಒಟ್ಟಾರೆಯಾಗಿ ಅನುಭವಿಸುವ ವಕ್ರೀಭವನ ಸೂಚ್ಯಂಕ, ಅಂದರೆ ಪರಿಣಾಮಕಾರಿ ಸೂಚ್ಯಂಕ, 2.44 ಇರುವಾಗ 10 ಡಿಗ್ರಿ ಓರೆಗೆ ಸುಮಾರು 684 ನ್ಯಾನೊಮೀಟರ್ ಅವಧಿ (ಒಂದು ಪಟ್ಟಿಯ ಆರಂಭದಿಂದ ಮುಂದಿನದರ ಆರಂಭಕ್ಕಿರುವ ದೂರ) ಬೇಕು. ತರಂಗಾಂತರವನ್ನು ಒಂದು ನ್ಯಾನೊಮೀಟರ್ ಬದಲಿಸಿದರೆ ಕಿರಣ ಸುಮಾರು 0.15 ಡಿಗ್ರಿ ತಿರುಗುತ್ತದೆ. ಅಡ್ಡ ದಿಕ್ಕಿನಲ್ಲಿ ತಿರುಗಿಸಲು ಇಂಥ ಹಲವು ಆಂಟೆನಾಗಳನ್ನು ಸಾಲಾಗಿಟ್ಟು, ಅಕ್ಕಪಕ್ಕದವುಗಳ ನಡುವೆ ಫೇಸ್ ವ್ಯತ್ಯಾಸ ಕೊಡಬೇಕು, ಅಂದರೆ ಒಂದರ ಬೆಳಕಿನ ಅಲೆ ಇನ್ನೊಂದರದಕ್ಕಿಂತ ತುಸು ಹಿಂದೆ ಬೀಳುವಂತೆ ಮಾಡಬೇಕು. ನಾನು ಅವನ್ನು 2 ಮೈಕ್ರೊಮೀಟರ್ ಅಂತರದಲ್ಲಿಟ್ಟೆ, ಆದ್ದರಿಂದ ಸುಮಾರು 51 ಡಿಗ್ರಿಯಲ್ಲಿ ಬೇಡದ ಎರಡನೆಯ ಕಿರಣವನ್ನು ಒಪ್ಪಿಕೊಳ್ಳಬೇಕಾಯಿತು. ಅರ್ಧ ತರಂಗಾಂತರಕ್ಕೆ, ಅಂದರೆ 775 ನ್ಯಾನೊಮೀಟರ್‌ಗೆ ಇಳಿಸಿದ್ದರೆ ಅದು ಇರುತ್ತಿರಲಿಲ್ಲ, ಆದರೆ ಬೆಳಕು ಒಂದು ವೇವ್‌ಗೈಡ್‌ನಿಂದ ಇನ್ನೊಂದಕ್ಕೆ ಸೋರುತ್ತಿತ್ತು.

ನನ್ನನ್ನು ಹೆಚ್ಚು ಕಾಡಿದ್ದು ವೇವ್‌ಗೈಡ್‌ನ ಅಗಲ. ಉದ್ದಕ್ಕೂ ಒಂದೇ ಒಂದು ನ್ಯಾನೊಮೀಟರ್ ವ್ಯತ್ಯಾಸವಾದರೂ ಕಿರಣ ಸುಮಾರು 0.1 ಡಿಗ್ರಿ, ಅಂದರೆ ತನ್ನ ಅಗಲಕ್ಕಿಂತಲೂ ಹೆಚ್ಚು ಸರಿಯುತ್ತದೆ. ಆದ್ದರಿಂದ ಆಂಟೆನಾ ಭಾಗವನ್ನು ಉದ್ದನೆಯ ಟೇಪರ್ (ಕ್ರಮೇಣ ಅಗಲವಾಗುವ ಭಾಗ) ಮೂಲಕ ಅಗಲಗೊಳಿಸಿ ಅವಧಿಯನ್ನು ಮತ್ತೆ ಲೆಕ್ಕ ಹಾಕಿದೆ, ಏಕೆಂದರೆ ಅಗಲವಾದ ವೇವ್‌ಗೈಡ್‌ನಲ್ಲಿ ಅಂಚುಗಳ ದೋಷಕ್ಕೆ ಬೆಳಕು ಅಷ್ಟಾಗಿ ಸ್ಪಂದಿಸುವುದಿಲ್ಲ. ಚಿಪ್ ತಯಾರಿಕೆಗೆ ಮಾಸ್ಕ್ (ವಿನ್ಯಾಸದ ಅಚ್ಚು) ಕಳುಹಿಸುವ ಮುನ್ನ ಅಗಲವನ್ನು ಎರಡೂ ಕಡೆಗೆ ಐದೈದು ನ್ಯಾನೊಮೀಟರ್ ಬದಲಿಸಿ, ಪ್ರತಿ ಬಾರಿಯೂ ಕಿರಣ ಎಲ್ಲಿ ಬೀಳುತ್ತದೆಂದು ಪರೀಕ್ಷಿಸದೆ ನಾನೀಗ ಯಾವ ವಿನ್ಯಾಸವನ್ನೂ ಮುಂದಕ್ಕೆ ಬಿಡುವುದಿಲ್ಲ.