ಮನೆ ಗ್ಯಾರೇಜಿನಲ್ಲಿ ಕಾರು ಎತ್ತಲು ನಾನು ಆರಿಸಿಕೊಂಡ ದಾರಿ

ಆಯಿಲ್ ಬದಲಿಸುವುದು, ಬ್ರೇಕ್ ಪ್ಯಾಡ್ ಹಾಕುವುದು, ಟೈರ್‌ಗಳನ್ನು ಹಿಂದೆ ಮುಂದೆ ಮಾಡುವುದು. ಮನೆ ಗ್ಯಾರೇಜಿನಲ್ಲಿ ನಾನು ಮಾಡುವ ಕೆಲಸ ಹೆಚ್ಚೆಂದರೆ ಇಷ್ಟೇ. ಇಷ್ಟಕ್ಕೂ ಕಾರನ್ನು ಎತ್ತಲೇಬೇಕು. ಜ್ಯಾಕ್ ವಿಷಯ ಎತ್ತಿದರೆ ಎಲ್ಲರೂ ಮೊದಲು ಕೇಳುವುದು 'ಎಷ್ಟು ಟನ್' ಅಂತ. ನಾನು ಮೊದಲು ನೋಡಿದ್ದು ನನ್ನ ನೆಲವನ್ನು.

ಎರಡು ಕಂಬದ ಲಿಫ್ಟ್ ಮೇಲೆ ನನಗೂ ಆಸೆ ಇತ್ತು. ನಿಂತುಕೊಂಡೇ ಕೆಲಸ ಮಾಡೋದು ಯಾರಿಗೆ ಬೇಡ? ಆದರೆ ಆ ಕಂಬಗಳು ವಾಲದಂತೆ ಹಿಡಿದಿರುವುದು ನೆಲಕ್ಕೆ ಹೊಡೆದ ಆಂಕರ್ ಬೋಲ್ಟ್‌ಗಳು. ಸಾಮಾನ್ಯವಾಗಿ 4 ಇಂಚಿಗೆ ಕಡಿಮೆಯಿಲ್ಲದ ಗಟ್ಟಿ ಕಾಂಕ್ರೀಟ್ ಕೇಳುತ್ತಾರೆ. ಮೇಲೆ ಹಾಸಿದ ಟೈಲ್ಸ್ ಲೆಕ್ಕಕ್ಕಿಲ್ಲ. ಚಾವಣಿಯೂ ಎತ್ತರ ಇರಬೇಕು. ನನ್ನ ನೆಲದೊಳಗೆ ಎಷ್ಟು ದಪ್ಪ ಕಾಂಕ್ರೀಟ್ ಇದೆ ಅನ್ನುವ ಖಾತ್ರಿಯೇ ಇಲ್ಲ. ಅಲ್ಲಿಗೆ ಆ ಮಾತು ಮುಗಿಯಿತು.

ರ‍್ಯಾಂಪ್ ಅಂದರೆ ಕಾರನ್ನು ಓಡಿಸಿ ಹತ್ತಿಸುವ ಇಳಿಜಾರು. ಅದು ಒಳ್ಳೆಯದೇ, ಆಯಿಲ್ ಕೆಲಸಕ್ಕೆ ಸಾಕು. ಆದರೆ ಚಕ್ರ ಬಿಚ್ಚಲು ಆಗುವುದಿಲ್ಲ, ನುಣುಪು ನೆಲದಲ್ಲಿ ಕಾರು ಹತ್ತುವಾಗ ರ‍್ಯಾಂಪೇ ಮುಂದಕ್ಕೆ ಜಾರಬಹುದು. ಕಾರಿನ ಜೊತೆ ಬರುವ ಸಿಸರ್ ಜ್ಯಾಕ್ ದಾರಿಯಲ್ಲಿ ಸ್ಟೆಪ್ನಿ ಹಾಕುವುದಕ್ಕೆ ಮಾತ್ರ. ಬಾಟಲ್ ಜ್ಯಾಕ್‌ಗೆ ಬಲ ಇದೆ, ಆದರೆ ಪಾದ ಚಿಕ್ಕದು. ಎಷ್ಟೋ ಸಣ್ಣ ಕಾರುಗಳ ಕೆಳಗೆ ಅದು ನುಗ್ಗುವುದೂ ಇಲ್ಲ.

ಉಳಿದದ್ದು ಚಕ್ರಗಳ ಮೇಲೆ ಉರುಳುವ ಟ್ರಾಲಿ ಜ್ಯಾಕ್. ಇದರಲ್ಲೂ ನೆಲದ ಮಾತೇ ಬರುತ್ತದೆ. ಜ್ಯಾಕ್‌ನ ತೋಳು ನೆಟ್ಟಗೆ ಮೇಲೇಳುವುದಿಲ್ಲ, ಬಿಲ್ಲಿನಂತೆ ಬಾಗಿದ ದಾರಿಯಲ್ಲಿ ಏಳುತ್ತದೆ. ಕಾರು ಇದ್ದಲ್ಲೇ ಇರಬೇಕೆಂದರೆ ಜ್ಯಾಕ್ ಸ್ವಲ್ಪ ಉರುಳಲೇಬೇಕು. ಅದರ ಚಕ್ರದ ಪಕ್ಕ ನೆಲಕ್ಕೆ ಸೀಮೆಸುಣ್ಣದ ಗೆರೆ ಎಳೆದು ಹ್ಯಾಂಡಲ್ ಹೊಡೆದು ನೋಡಿ, ಚಕ್ರ ಗೆರೆಯಿಂದ ಸರಿಯುವುದು ಕಣ್ಣಿಗೇ ಕಾಣುತ್ತದೆ. ಆ ಚಕ್ರ ಟೈಲ್ಸ್ ಸಂದಿಗೋ ಬಿರುಕಿಗೋ ಸಿಕ್ಕಿಕೊಂಡರೆ ಜ್ಯಾಕ್ ಉರುಳುವುದಿಲ್ಲ, ಬದಲಿಗೆ ಅದರ ತಲೆ ಕಾರಿನಡಿಯಿಂದ ಜಾರುತ್ತದೆ. ಹಾಗಾಗಿ ಎತ್ತುವ ಮೊದಲು ಆ ಜಾಗವನ್ನು ಗುಡಿಸುತ್ತೇನೆ. ಒಂದು ಸಣ್ಣ ಜಲ್ಲಿಕಲ್ಲೂ ಇರಬಾರದು. ಮಣ್ಣಿನ ನೆಲದಲ್ಲಂತೂ ಈ ಕೆಲಸಕ್ಕೆ ಕೈ ಹಾಕುವುದೇ ಇಲ್ಲ.

ನನ್ನ ಕಾರು ಒಂದು ಟನ್ ಆಸುಪಾಸು. ಎತ್ತುವುದು ಒಂದು ತುದಿ ಮಾತ್ರ, ಆದ್ದರಿಂದ 2 ಟನ್ ಜ್ಯಾಕ್ ಧಾರಾಳ ಸಾಕಿತ್ತು. ಆದರೂ 3 ಟನ್ನಿನದು ತಂದೆ, ಅದರ ಪಾದ ಅಗಲ ಅನ್ನುವ ಒಂದೇ ಕಾರಣಕ್ಕೆ. ಎತ್ತಿ ಒಯ್ಯಲು ಜಾಸ್ತಿ ಭಾರ, ಅದೊಂದು ಗೋಳು.

ಇಷ್ಟೆಲ್ಲ ಆದರೂ ಜ್ಯಾಕ್ ಇರುವುದು ಎತ್ತುವುದಕ್ಕೆ ಮಾತ್ರ. ಒಳಗೆ ಭಾರ ಹೊತ್ತಿರುವುದು ಆಯಿಲ್, ಅದನ್ನು ತಡೆದಿರುವುದು ರಬ್ಬರ್ ಸೀಲ್. ಸೀಲ್ ಸೋತರೆ ಕಾರು ಕೆಳಗೆ. ಕಾರಿನಡಿಗೆ ಹೋಗಬೇಕಾದರೆ ಜ್ಯಾಕ್ ಸ್ಟ್ಯಾಂಡ್, ಅಂದರೆ ಎತ್ತಿದ ಕಾರನ್ನು ಹೊತ್ತು ನಿಲ್ಲುವ ಆಧಾರ, ಇರಲೇಬೇಕು. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಬೇಡವೇ ಬೇಡ, ಅವು ಮುನ್ಸೂಚನೆ ಕೊಡದೆ ಪುಡಿಯಾಗುತ್ತವೆ. ನಾನು ಉಕ್ಕಿನ ಪಿನ್ ತೂರಿಸುವ ಸ್ಟ್ಯಾಂಡ್ ಆರಿಸಿದೆ. ಪಿನ್ ಪೂರ್ತಿ ಕೂತಿದೆಯೋ ಇಲ್ಲವೋ ಕಣ್ಣಿಗೆ ಕಾಣುತ್ತದೆ, ಊಹಿಸುವ ಕೆಲಸ ಇಲ್ಲ.

ಆಮೇಲೆ ಒಂದು ತಲೆನೋವು ಬರುತ್ತದೆ. ಬಾಗಿಲ ಕೆಳಗಿನ ಅಂಚಿನಲ್ಲಿರುವ ಎತ್ತುವ ಜಾಗಕ್ಕೆ ಜ್ಯಾಕ್ ಕೊಟ್ಟರೆ ಸ್ಟ್ಯಾಂಡ್ ಎಲ್ಲಿಡುವುದು? ಇದಕ್ಕೆ ಉತ್ತರ ಕಾರಿನ ಕೈಪಿಡಿಯಲ್ಲಿದೆ. ನನ್ನ ಕಾರಿಗೆ ಮುಂದೆ ನಡುವಿನ ಕ್ರಾಸ್ ಮೆಂಬರ್ (ಕಾರಿನಡಿ ಅಡ್ಡಲಾಗಿರುವ ಗಟ್ಟಿ ತೊಲೆ) ಅಡಿಯಲ್ಲಿ ಜ್ಯಾಕ್ ಕೊಡಬಹುದು ಎಂದು ಬರೆದಿದೆ. ಅಲ್ಲಿಂದ ಎತ್ತಿ, ಎರಡೂ ಬದಿಯ ಜಾಗಗಳಿಗೆ ಸ್ಟ್ಯಾಂಡ್ ಕೊಟ್ಟೆ. ಪಕ್ಕದಲ್ಲೇ ಆಯಿಲ್ ಪ್ಯಾನ್ ಇರುತ್ತದೆ, ಜ್ಯಾಕ್‌ನ ತಲೆ ಅದಕ್ಕೆ ತಾಗಲೇಬಾರದು. ಎಲೆಕ್ಟ್ರಿಕ್ ಕಾರಾದರೆ ಅಡಿಯಲ್ಲಿ ಬ್ಯಾಟರಿ ಹರಡಿರುತ್ತದೆ, ಕೈಪಿಡಿ ತೋರಿಸಿದ ಜಾಗ ಬಿಟ್ಟು ಬೇರೆಲ್ಲೂ ಮುಟ್ಟುವಂತಿಲ್ಲ.

ಇನ್ನೊಂದು ವಿಷಯ ಹ್ಯಾಂಡ್ ಬ್ರೇಕ್. ಹೆಚ್ಚಿನ ಕಾರುಗಳಲ್ಲಿ ಅದು ಹಿಡಿಯುವುದು ಹಿಂದಿನ ಚಕ್ರಗಳನ್ನು. ಹಿಂಭಾಗ ಎತ್ತಿದಿರೋ, ನೆಲದ ಮೇಲಿರುವ ಚಕ್ರಗಳಿಗೆ ಬ್ರೇಕೇ ಇಲ್ಲ! ಮುಂದಿನ ಚಕ್ರ ಎಳೆಯುವ ಕಾರಾದರೆ ಗೇರ್ ಸ್ವಲ್ಪ ಹಿಡಿದೀತು, ಆದರೆ ನಾನು ಅದನ್ನೇ ನಂಬಿ ಕೂರುವುದಿಲ್ಲ. ನೆಲದ ಮೇಲಿರುವ ಎರಡೂ ಟೈರ್‌ಗಳಿಗೆ ಹಿಂದೆ ಮುಂದೆ ಅಡ್ಡಗಟ್ಟೆ ಕೊಡುತ್ತೇನೆ.

ಜ್ಯಾಕ್ ನಿಧಾನವಾಗಿ ಇಳಿಸಿ ಕಾರು ಸ್ಟ್ಯಾಂಡ್ ಮೇಲೆ ಕೂತ ಮೇಲೆ, ಪಕ್ಕದಲ್ಲಿ ನಿಂತು ಕಾರನ್ನು ಕೈಯಿಂದ ತಳ್ಳಿ ನೋಡುತ್ತೇನೆ. ಅಲುಗಿದರೆ ಮತ್ತೆ ಎತ್ತಿ ಸ್ಟ್ಯಾಂಡ್ ಸರಿ ಮಾಡುತ್ತೇನೆ. ಬಿಚ್ಚಿದ ಚಕ್ರವನ್ನು ಸುಮ್ನೆ ಗೋಡೆಗೆ ಒರಗಿಸುವ ಬದಲು ಕಾರಿನ ಅಂಚಿನ ಕೆಳಗೇ ಮಲಗಿಸುತ್ತೇನೆ. ಏನೇ ಆದರೂ ಕಾರು ಅದರ ಮೇಲೆ ಕೂರಲಿ ಅಂತ. ಚಕ್ರದ ನಟ್‌ಗಳನ್ನು ಸಡಿಲಿಸುವುದು ಕಾರು ಎತ್ತುವ ಮೊದಲು, ಪೂರ್ತಿ ಬಿಗಿ ಮಾಡುವುದು ಟೈರ್ ನೆಲಕ್ಕೆ ಊರಿದ ಮೇಲೆ. ಸ್ಟ್ಯಾಂಡ್ ಮೇಲಿರುವಾಗ ಪಾನಾಗೆ ಮೈಭಾರ ಹಾಕುವುದಿಲ್ಲ.