ಅಟ್ಟ ಕೋಣೆಯಾಗಲಿ, ಪರಿಸರಕ್ಕೆ ಹೊರೆಯಾಗದಿರಲಿ

ಇಳಿಜಾರು ಮಾಡಿನ ಮನೆಯಲ್ಲಿ ಅಟ್ಟವೆಂದರೆ ಸಾಮಾನ್ಯವಾಗಿ ಬಳಸದ, ಆದರೆ ಎಸೆಯಲೂ ಮನಸ್ಸು ಬಾರದ ಸಾಮಾನುಗಳ ನೆಲೆ. ಅದನ್ನೇ ಮಲಗುವ ಅಥವಾ ಓದುವ ಕೋಣೆಯಾಗಿ ಮಾರ್ಪಡಿಸುವುದು, ಮನೆಯನ್ನು ಅಂಗಳದ ಕಡೆಗೆ ವಿಸ್ತರಿಸುವುದಕ್ಕಿಂತ ಪರಿಸರದ ದೃಷ್ಟಿಯಿಂದ ಒಳ್ಳೆಯ ಆಯ್ಕೆ. ಅದಕ್ಕೆ ಹೊಸ ಅಡಿಪಾಯ ಬೇಕಿಲ್ಲ, ಅಡಿಪಾಯಕ್ಕೆ ಸುರಿಯುವ ಕಾಂಕ್ರೀಟು ಬೇಕಿಲ್ಲ, ಮಳೆನೀರು ಇಂಗುವ ನೆಲವೂ ಮುಚ್ಚಿಹೋಗುವುದಿಲ್ಲ. ಆದರೆ ಈ ಲಾಭವನ್ನು ಕೆಲಸದ ನಡುವೆ ಕಳೆದುಕೊಳ್ಳುವುದೂ ಅಷ್ಟೇ ಸುಲಭ. ಬೇಸಿಗೆಯಲ್ಲಿ ಏರ್ ಕಂಡೀಷನರ್ ಇಲ್ಲದೆ ಕೂರಲಾಗದ, ಚಳಿಗಾಲದಲ್ಲಿ ಹೀಟರ್ ಇಲ್ಲದೆ ಮಲಗಲಾಗದ ಅಟ್ಟದ ಕೋಣೆಗಳು ಹುಟ್ಟುವುದು ಬಹುಮಟ್ಟಿಗೆ ಒಂದೇ ಕಾರಣದಿಂದ: ಹಣವೆಲ್ಲ ಕಣ್ಣಿಗೆ ಕಾಣುವ ನೆಲಹಾಸು, ಬಣ್ಣ, ದೊಡ್ಡ ಕಿಟಕಿಗಳಿಗೆ ಹೋಗಿ, ಹಲಗೆಯ ಹಿಂದೆ ಮುಚ್ಚಿಹೋಗುವ ಪದರಗಳಿಗೆ ಉಳಿದ ಚಿಲ್ಲರೆ ಸಂದಿರುತ್ತದೆ. ಬಣ್ಣವನ್ನು ಐದು ವರ್ಷಕ್ಕೊಮ್ಮೆ ಬದಲಿಸಬಹುದು. ಮುಚ್ಚಿದ ಪದರವನ್ನು ಬಿಚ್ಚುವ ಧೈರ್ಯವನ್ನು ಮುಂದಿನ ಮೂರು ದಶಕ ಯಾರೂ ಮಾಡುವುದಿಲ್ಲ. ಆದ್ದರಿಂದ ಕೆಳಗಿನ ಹಂತಗಳಲ್ಲಿ ಹೆಚ್ಚಿನ ಗಮನವನ್ನು ಕಾಣದ ಕೆಲಸಕ್ಕೇ ಕೊಡಲಾಗಿದೆ.

ಮೊದಲು ಅಟ್ಟವನ್ನು ಪರೀಕ್ಷಿಸಿ

ನಕ್ಷೆ ಬರೆಸುವ ಮೊದಲು ಒಂದು ಒಳ್ಳೆಯ ಟಾರ್ಚು ಹಿಡಿದು ಅಟ್ಟವನ್ನು ಮೂಲೆಮೂಲೆಯೂ ನೋಡಬೇಕು. ಹೆಂಚಿನ ಸಂದಿಯಿಂದ ನೀರು ಇಳಿದ ಕಲೆ, ಗೆದ್ದಲು, ಕುಟ್ಟೆಹುಳು ಕೊರೆದ ಪುಡಿ, ಬೂಷ್ಟು ಕಂಡರೆ ಆ ದೋಷವನ್ನು ಮೊದಲು ಸರಿಪಡಿಸಬೇಕು. ಶಾಖನಿರೋಧಕ ಪದರದ ಹಿಂದೆ ಸಿಕ್ಕಿಕೊಂಡ ತೇವ ಮರವನ್ನು ಇನ್ನಷ್ಟು ಬೇಗ ಕೊಳೆಸುತ್ತದೆ. ಹಳೆಯ ಮನೆಗಳಲ್ಲಿ ಕಲ್ನಾರಿನ ಶೀಟು, ಕೊಳವೆಗೆ ಸುತ್ತಿದ ಕಲ್ನಾರಿನ ಹೊದಿಕೆ ಇರುವ ಸಾಧ್ಯತೆಯಿದೆ. ಅಂಥದ್ದೇನಾದರೂ ಇದೆಯೆಂಬ ಅನುಮಾನ ಬಂದರೆ ಅದನ್ನು ಕೊರೆಯದೆ, ಮುರಿಯದೆ, ಗುಡಿಸದೆ, ತರಬೇತಾದವರಿಂದ ಪರೀಕ್ಷೆ ಮಾಡಿಸುವುದೊಂದೇ ದಾರಿ.

ಅಟ್ಟದಲ್ಲಿ ಬಾವಲಿಗಳೋ ಹಕ್ಕಿಗಳ ಗೂಡುಗಳೋ ಇವೆಯೇ ಎಂಬುದನ್ನೂ ಇದೇ ಹಂತದಲ್ಲಿ ನೋಡಬೇಕು. ಅನೇಕ ದೇಶಗಳಲ್ಲಿ ಬಾವಲಿಗಳ ವಾಸಸ್ಥಾನಕ್ಕೆ ಕಾನೂನಿನ ರಕ್ಷಣೆಯಿದ್ದು, ಅವು ಮರಿ ಹಾಕುವ ಕಾಲದಲ್ಲಿ ಮಾಡನ್ನು ಬಿಚ್ಚುವುದು ಅಪರಾಧವಾಗುತ್ತದೆ. ಕಾನೂನು ಇಲ್ಲದ ಕಡೆಯೂ ಮರಿಗಳು ಹಾರಿಹೋಗುವ ತನಕ ಕೆಲಸವನ್ನು ಕೆಲವು ವಾರ ಮುಂದೂಡುವುದು ದೊಡ್ಡ ನಷ್ಟವೇನಲ್ಲ; ಸೂರಿನ ಬಳಿ ಹೊರಗಡೆಯಿಂದ ಮಾತ್ರ ತೆರೆದಿರುವ ಒಂದು ಗೂಡುಪೆಟ್ಟಿಗೆಯನ್ನು ಅಳವಡಿಸಿದರೆ ಅವುಗಳಿಗೂ ನೆಲೆ ಉಳಿಯುತ್ತದೆ.

ಅಟ್ಟದ ತಳವು ಕೋಣೆಯ ನೆಲದ ಭಾರ ಹೊರಬಲ್ಲದೇ ಎಂಬುದನ್ನು ಕಣ್ಣಂದಾಜಿನಲ್ಲಿ ನಿರ್ಧರಿಸಬಾರದು. ಕೆಳಗಿನ ಕೋಣೆಯ ಛಾವಣಿಯನ್ನಷ್ಟೇ ಹಿಡಿದುಕೊಳ್ಳಲು ಹಾಕಿದ ಜಂತೆಗಳನ್ನು ಸಾಮಾನ್ಯವಾಗಿ ಚದರ ಮೀಟರಿಗೆ ಸುಮಾರು 25 ಕಿಲೋ ಹೊರೆಯ ಲೆಕ್ಕದಲ್ಲಿ ಹಾಕಿರುತ್ತಾರೆ. ಜನ ಓಡಾಡುವ ನೆಲಕ್ಕೆ 150ರಿಂದ 200 ಕಿಲೋ ಲೆಕ್ಕ ಬೇಕು. ಈ ಅಂತರವನ್ನು ಹೇಗೆ ತುಂಬಬೇಕೆಂದು ಹೇಳಬೇಕಾದವರು ಸ್ಟ್ರಕ್ಚರಲ್ ಎಂಜಿನಿಯರ್. ಮೆಟ್ಟಿಲಿನ ಅಗಲ, ಹೊಗೆ ಎಚ್ಚರಿಕೆಯ ಗಂಟೆ, ಬೆಂಕಿ ಬಿದ್ದಾಗ ಹೊರಬರುವ ದಾರಿ ಇವುಗಳ ಬಗ್ಗೆ ಸ್ಥಳೀಯ ಕಟ್ಟಡ ನಿಯಮ ಏನು ಹೇಳುತ್ತದೆ ಎಂಬುದನ್ನೂ ಆಗಲೇ ತಿಳಿದುಕೊಳ್ಳಬೇಕು.

ತೊಲೆ, ಜಂತೆಗಳ ಆಯ್ಕೆ

ನೆಲವನ್ನು ಬಲಪಡಿಸಲು ಉಕ್ಕಿನ ತೊಲೆಯನ್ನು ಸೂಚಿಸುವುದು ವಾಡಿಕೆ. ಕಬ್ಬಿಣದ ಅದಿರಿನಿಂದ ಊದುಕುಲುಮೆಯಲ್ಲಿ ಒಂದು ಟನ್ ಉಕ್ಕು ತಯಾರಾಗುವಾಗ ಸುಮಾರು ಎರಡು ಟನ್ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಮರದ ಕಥೆ ಬೇರೆ: ಒಣಗಿದ ಮರದ ತೂಕದಲ್ಲಿ ಸುಮಾರು ಅರ್ಧದಷ್ಟು ಇಂಗಾಲವೇ ಆಗಿದ್ದು, ಆ ಮರ ಮಾಡಿನಲ್ಲಿ ಇರುವಷ್ಟು ಕಾಲ ಅದು ವಾತಾವರಣದಿಂದ ಹೊರಗೇ ಉಳಿಯುತ್ತದೆ. ಕಂಬದಿಂದ ಕಂಬಕ್ಕೆ ದೂರ ಹೆಚ್ಚಿದ್ದರೂ ಮರದ ಪಟ್ಟಿಗಳನ್ನು ಅಂಟಿಸಿ ಮಾಡಿದ ಗ್ಲುಲ್ಯಾಮ್ ತೊಲೆಗಳೂ, ಐ ಆಕಾರದ ಮರದ ಜಂತೆಗಳೂ ಅನೇಕ ಕಡೆ ಉಕ್ಕಿನ ಸ್ಥಾನವನ್ನು ತುಂಬಬಲ್ಲವು. ಐ ಆಕಾರದವು ಗಟ್ಟಿ ಜಂತೆಗಿಂತ ಕಡಿಮೆ ಮರವನ್ನು ಬೇಡುತ್ತವೆ. ಉಕ್ಕು ಬೇಕೇಬೇಕು ಎಂದು ಎಂಜಿನಿಯರ್ ಹೇಳಿದರೆ, ಎಷ್ಟು ಕಡಿಮೆಯಲ್ಲಿ ಸಾಧ್ಯ, ಕೆಡವಿದ ಕಟ್ಟಡದಿಂದ ಬಂದ ತೊಲೆ ಆಗುತ್ತದೆಯೇ ಎಂದು ಕೇಳಲು ಸಂಕೋಚ ಬೇಡ. ಮರ ಎಲ್ಲಿಂದ ಬಂತು ಎಂಬುದು ಮುಖ್ಯ. 1993ರಲ್ಲಿ ಆರಂಭವಾದ ಎಫ್‌ಎಸ್‌ಸಿ ಎಂಬ ಸಂಸ್ಥೆಯ ಮುದ್ರೆ, ಅಥವಾ ಪಿಇಎಫ್‌ಸಿ ಮುದ್ರೆ, ಕಾಡನ್ನು ಹೊಣೆಯಿಂದ ನಿರ್ವಹಿಸಿ ಕಡಿದ ಮರವೆಂಬುದಕ್ಕೆ ಗುರುತು.

ಬಿಚ್ಚಿದ ಹೆಂಚು, ಪಕಾಸು (ಮಾಡನ್ನು ಹೊರುವ ಇಳಿಜಾರು ಮರಗಳು), ಹಲಗೆಗಳನ್ನು ಒಡೆದು ಬಿಸಾಡುವ ಮೊದಲು ವಿಂಗಡಿಸಿ ಇಡಬೇಕು. ಗಟ್ಟಿಯಾಗಿರುವ ಹೆಂಚುಗಳನ್ನು ಅದೇ ಮಾಡಿಗೆ ಮರಳಿ ಹೊದಿಸಬಹುದು. ಹಳೆಯ ಪಕಾಸುಗಳಲ್ಲಿ ಬಳಸಲು ಯೋಗ್ಯವಾದ ಉದ್ದ ಸಾಕಷ್ಟು ಸಿಗುತ್ತದೆ.

ಶಾಖ ತಡೆಯುವ ಪದರ

ಇಡೀ ಕೆಲಸದ ತಿರುಳು ಇಲ್ಲಿದೆ. ಅಟ್ಟದ ಕೋಣೆಗೂ ಆಕಾಶಕ್ಕೂ ನಡುವೆ ಇರುವುದು ಮಾಡು ಮಾತ್ರ. ಆದ್ದರಿಂದ ಅಲ್ಲಿ ಹಾಕುವ ಶಾಖನಿರೋಧಕವೇ ಮುಂದಿನ ವರ್ಷಗಳ ವಿದ್ಯುತ್ ಬಳಕೆಯನ್ನು ನಿರ್ಧರಿಸುತ್ತದೆ. ಒಂದು ವಸ್ತುವಿನ ಶಾಖವಾಹಕತೆಯನ್ನು ಪ್ರತಿ ಮೀಟರಿಗೆ, ಪ್ರತಿ ಡಿಗ್ರಿಗೆ ಇಷ್ಟು ವ್ಯಾಟ್ ಎಂದು ಅಳೆಯುತ್ತಾರೆ, ಮತ್ತು ಆ ಸಂಖ್ಯೆ ಚಿಕ್ಕದಾದಷ್ಟೂ ವಸ್ತು ಶಾಖವನ್ನು ಹೆಚ್ಚು ತಡೆಯುತ್ತದೆ. ಪಿಐಆರ್ ಎಂಬ ಗಟ್ಟಿ ನೊರೆಹಲಗೆಯ ಅಂಕಿ ಸುಮಾರು 0.022. ಮರದ ನಾರು, ಹಳೆಯ ಕಾಗದದಿಂದ ತಯಾರಾಗುವ ಸೆಲ್ಯುಲೋಸ್, ಕುರಿಯ ಉಣ್ಣೆ, ಸೆಣಬಿನಂಥ ನಾರುಗಳ ಅಂಕಿ ಸುಮಾರು 0.040. ಅಂದರೆ 110 ಮಿಲಿಮೀಟರ್ ನೊರೆಹಲಗೆ ಮಾಡುವ ಕೆಲಸಕ್ಕೆ 200 ಮಿಲಿಮೀಟರ್ ನಾರಿನ ಹಲಗೆ ಬೇಕು. ಇಷ್ಟು ದಪ್ಪದ ಪದರವಿದ್ದರೆ, ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಚದರ ಮೀಟರಿಗೆ ಸುಮಾರು 0.2 ವ್ಯಾಟ್ ಶಾಖ ಮಾತ್ರ ದಾಟುತ್ತದೆ.

ಈ ಲೆಕ್ಕವನ್ನಷ್ಟೇ ನೋಡಿದರೆ ನೊರೆಹಲಗೆಯೇ ಗೆದ್ದಂತೆ ಕಾಣುತ್ತದೆ, ಅಟ್ಟದಲ್ಲಿ ಎತ್ತರ ತೀರ ಕಡಿಮೆಯಿದ್ದಾಗ ಅದನ್ನು ಬಳಸುವುದು ತಪ್ಪೂ ಅಲ್ಲ. ಆದರೆ ಅದು ಪೆಟ್ರೋಲಿಯಂ ಮೂಲದ ವಸ್ತು, ಆಯುಷ್ಯ ಮುಗಿದ ಮೇಲೆ ಮರುಬಳಕೆ ಕಷ್ಟ, ಮತ್ತು ಕೆಲವು ನೊರೆಗಳನ್ನು ಉಬ್ಬಿಸಲು ಇಂಗಾಲದ ಡೈಆಕ್ಸೈಡಿಗಿಂತ ನೂರಾರು ಪಟ್ಟು ಹೆಚ್ಚು ತಾಪ ಹಿಡಿಯುವ ಎಚ್‌ಎಫ್‌ಸಿ ಅನಿಲಗಳನ್ನು ಬಳಸುತ್ತಾ ಬಂದಿದ್ದಾರೆ. ಇವುಗಳ ಬಳಕೆಯನ್ನು ತಗ್ಗಿಸಲೆಂದೇ 2016ರಲ್ಲಿ ಕಿಗಾಲಿ ತಿದ್ದುಪಡಿ ಎಂಬ ಅಂತರರಾಷ್ಟ್ರೀಯ ಒಪ್ಪಂದ ಆಯಿತು. ಕೊಳ್ಳುವ ಮೊದಲು ಉಬ್ಬಿಸಲು ಯಾವ ಅನಿಲ ಬಳಸಿದ್ದಾರೆ ಎಂದು ಉತ್ಪನ್ನದ ವಿವರಪತ್ರದಲ್ಲಿ ನೋಡಬೇಕು. ಪಕಾಸುಗಳ ಮೇಲೆ ನೇರವಾಗಿ ಸಿಂಪಡಿಸುವ ನೊರೆಯನ್ನು ನಾನು ಯಾವ ಸಂದರ್ಭದಲ್ಲೂ ಸೂಚಿಸಲಾರೆ. ಅದು ಮರಕ್ಕೆ ಅಂಟಿಕೊಂಡು, ಮರದ ಸ್ಥಿತಿಯನ್ನು ಪರೀಕ್ಷಿಸಲೂ ಬಿಡುವುದಿಲ್ಲ, ಹೆಂಚುಪಕಾಸುಗಳ ಮರುಬಳಕೆಗೂ ಬಿಡುವುದಿಲ್ಲ.

ನಾರಿನ ವಸ್ತುಗಳಿಗೆ ಇನ್ನೊಂದು ಗುಣವಿದೆ, ಬಿಸಿಲು ಹೆಚ್ಚಿರುವ ಕಡೆ ಇದೇ ನಿರ್ಣಾಯಕ. ಒತ್ತಾದ ಮರದ ನಾರಿನ ಹಲಗೆ ಘನ ಮೀಟರಿಗೆ ಸುಮಾರು 160 ಕಿಲೋ ತೂಗಿದರೆ ನೊರೆಹಲಗೆ 30 ಕಿಲೋ ತೂಗುತ್ತದೆ. ಮೇಲಾಗಿ ಪ್ರತಿ ಕಿಲೋಗೂ ನಾರು ಹಿಡಿದಿಟ್ಟುಕೊಳ್ಳುವ ಶಾಖ ಹೆಚ್ಚು. ಎರಡೂ ಸೇರಿ, ಒಂದೇ ಗಾತ್ರದ ನಾರಿನ ಹಲಗೆ ಒಂದು ಡಿಗ್ರಿ ಬಿಸಿಯಾಗಲು ನೊರೆಹಲಗೆಗಿಂತ ಸುಮಾರು ಎಂಟು ಪಟ್ಟು ಶಾಖವನ್ನು ಹೀರಿಕೊಳ್ಳುತ್ತದೆ. ಮಧ್ಯಾಹ್ನದ ಬಿಸಿಲು ಒಳಮೈಯನ್ನು ತಲುಪುವುದು ಹಲವು ಗಂಟೆ ತಡವಾಗಿ. ಅಷ್ಟರಲ್ಲಿ ಹೊರಗಿನ ಗಾಳಿ ತಣ್ಣಗಾಗಿ ಕಿಟಕಿ ತೆರೆಯುವ ಹೊತ್ತಾಗಿರುತ್ತದೆ.

ಹಾಕುವ ಕ್ರಮವೂ ವಸ್ತುವಿನಷ್ಟೇ ಮುಖ್ಯ. ಪಕಾಸುಗಳ ನಡುವೆ ಮಾತ್ರ ತುಂಬಿದರೆ, ಪಕಾಸುಗಳ ಮೂಲಕವೇ ಶಾಖ ದಾಟುತ್ತಿರುತ್ತದೆ, ಏಕೆಂದರೆ ಮರವು ನಾರಿಗಿಂತ ಮೂರು ಪಟ್ಟು ಹೆಚ್ಚು ಶಾಖವಾಹಕ. ಆದ್ದರಿಂದ ನಡುವೆ ಒಂದು ಪದರ, ಪಕಾಸುಗಳನ್ನು ಅಡ್ಡಲಾಗಿ ಮುಚ್ಚುವಂತೆ ಕೆಳಗೆ ಇನ್ನೊಂದು ಪದರ ಬೇಕು. ಹೇಗೂ ಹೆಂಚು ತೆಗೆದು ಮರುಹೊದಿಸುವುದಿದ್ದರೆ, ಎರಡನೆಯ ಪದರವನ್ನು ಪಕಾಸುಗಳ ಮೇಲ್ಗಡೆ ಹಾಕುವುದು ಉತ್ತಮ. ಕೋಣೆಯ ಎತ್ತರ ಉಳಿಯುತ್ತದೆ. ಹೆಂಚಿನಡಿ ಗಾಳಿಯಾಡದ ಹಳೆಯ ಟಾರು ಹಾಳೆ ಇದ್ದರೆ, ಅದಕ್ಕೂ ಶಾಖನಿರೋಧಕಕ್ಕೂ ನಡುವೆ ಸೂರಿನಿಂದ ಮಾಡಿನ ತುದಿಯವರೆಗೆ 50 ಮಿಲಿಮೀಟರ್ ಗಾಳಿದಾರಿ ಬಿಡಲೇಬೇಕು. ಇನ್ನು, ಹೊಳೆಯುವ ತೆಳು ಹಾಳೆಯೊಂದೇ ಸಾಕೆಂದು ಮಾರುವವರ ಮಾತನ್ನು ಪೂರ್ತಿ ನಂಬಬಾರದು. ಅದು ಎದುರಿಗೆ ಗಾಳಿಯ ಸಂದಿ ಇದ್ದಾಗ ಮಾತ್ರ ಕೆಲಸ ಮಾಡುತ್ತದೆ, ಧೂಳು ಕೂತಂತೆ ಅದರ ಗುಣ ಇಳಿಯುತ್ತದೆ.

ಗಾಳಿ ನುಸುಳದಂತೆ, ತೇವ ನಿಲ್ಲದಂತೆ

ಉಣ್ಣೆಯ ಅಂಗಿ ಎಷ್ಟೇ ದಪ್ಪವಿದ್ದರೂ ಗಾಳಿ ಬೀಸಿದಾಗ ಚಳಿ ಒಳನುಗ್ಗುವಂತೆ, ಸಂದಿಗಳಿರುವ ಮಾಡಿನಲ್ಲಿ ಶಾಖನಿರೋಧಕ ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ. ಸಂದಿಯಿಂದ ನುಸುಳುವ ಬೆಚ್ಚಗಿನ ಗಾಳಿ ತನ್ನೊಡನೆ ನೀರಾವಿಯನ್ನೂ ಒಯ್ದು, ತಣ್ಣನೆಯ ಮರಕ್ಕೆ ತಾಗಿದಾಗ ಅಲ್ಲಿ ಹನಿಯಾಗುತ್ತದೆ. ಚಳಿ ಪ್ರದೇಶಗಳಲ್ಲಿ ಇದನ್ನು ತಡೆಯುವ ಹಾಳೆಯನ್ನು ಶಾಖನಿರೋಧಕದ ಒಳಬದಿಗೆ, ಅಂದರೆ ಕೋಣೆಯ ಕಡೆಗೆ ಹಾಕುತ್ತಾರೆ. ಸೆಕೆಯ, ತೇವದ ಹವೆಯಲ್ಲಿ ಕೋಣೆಯನ್ನು ತಂಪು ಮಾಡುತ್ತಿದ್ದರೆ ಆವಿ ಹೊರಗಿನಿಂದ ಒಳಗೆ ಬರುವುದರಿಂದ, ಒಳಗಡೆ ಪ್ಲಾಸ್ಟಿಕ್ ಹಾಳೆ ಹಾಕಿದರೆ ತೇವ ಅದರ ಹಿಂದೆಯೇ ಸಿಕ್ಕಿಬೀಳುತ್ತದೆ. ಎರಡೂ ಋತುಗಳು ತೀವ್ರವಾಗಿರುವಲ್ಲಿ, ತೇವಾಂಶಕ್ಕೆ ತಕ್ಕಂತೆ ಆವಿಯನ್ನು ತಡೆಯುವ ಅಥವಾ ಬಿಡುವ ಹಾಳೆಗಳು ಸೂಕ್ತ. ಬೇರೆ ಹವಾಮಾನದ ಕೈಪಿಡಿಯನ್ನು ಕಣ್ಮುಚ್ಚಿ ಅನುಸರಿಸಬಾರದು ಎನ್ನುವುದು ಈ ಕಾರಣಕ್ಕೆ.

ಹಾಳೆಯ ಜೋಡಣೆಗಳಿಗೆ ಅದಕ್ಕೆಂದೇ ಇರುವ ಟೇಪನ್ನು ಬಳಸಬೇಕು. ಗೋಡೆ ಸೇರುವಲ್ಲಿ, ಕಿಟಕಿಯ ಸುತ್ತ, ಕೊಳವೆ ಹಾಯುವಲ್ಲಿ ವಿಶೇಷ ಎಚ್ಚರ ಬೇಕು. ಇದೆಲ್ಲ ಮುಗಿದ ಮೇಲೆ ಛಾವಣಿಗೆ ರಂಧ್ರ ಕೊರೆದು ಹತ್ತಾರು ದೀಪಗಳನ್ನು ಹುದುಗಿಸುವುದು ಆ ಹಾಳೆಯನ್ನು ಹರಿದಂತೆಯೇ. ವೈರುಗಳಿಗೆ ಹಾಳೆಗೂ ಒಳಹಲಗೆಗೂ ನಡುವೆ ಎರಡು ಅಂಗುಲ ಜಾಗ ಬಿಟ್ಟು, ಗೋಡೆಯ ಮೇಲೆ ಎಲ್‌ಇಡಿ ದೀಪಗಳನ್ನು ಇಡುವುದು ಲೇಸು. ಹಲಗೆ ಮುಚ್ಚುವ ಮುನ್ನ, ಫ್ಯಾನಿನಿಂದ ಒತ್ತಡದ ವ್ಯತ್ಯಾಸ ಉಂಟುಮಾಡಿ ಸೋರಿಕೆ ಹುಡುಕುವ ಪರೀಕ್ಷೆ ಮಾಡಿಸಲು ಸಾಧ್ಯವಾದರೆ ಮಾಡಿಸಬೇಕು. ಮುಚ್ಚಿದ ಮೇಲೆ ಮಾಡಿಸಿದರೆ ತಪ್ಪು ತಿಳಿಯುತ್ತದೆ, ತಿದ್ದಲು ಆಗುವುದಿಲ್ಲ.

ಇಷ್ಟು ಬಿಗಿಯಾದ ಕೋಣೆಗೆ ಉದ್ದೇಶಪೂರ್ವಕವಾದ ಗಾಳಿದಾರಿ ಬೇಕು. ಸೌಮ್ಯ ಹವೆಯಲ್ಲಿ ಕಿಟಕಿಯ ಮೇಲಿನ ಸಣ್ಣ ಗವಾಕ್ಷಿ ಸಾಕು. ಚಳಿ ಹೆಚ್ಚಿರುವಲ್ಲಿ, ಹೊರಹೋಗುವ ಗಾಳಿಯ ಶಾಖದ ಬಹುಪಾಲನ್ನು ಒಳಬರುವ ಗಾಳಿಗೆ ವರ್ಗಾಯಿಸುವ ಯಂತ್ರ ಪ್ರಯೋಜನಕ್ಕೆ ಬರುತ್ತದೆ.

ಕಿಟಕಿ: ಎಷ್ಟು, ಯಾವ ಕಡೆ

ಮಾಡಿನ ಇಳಿಜಾರಿನಲ್ಲೇ ಕೂರುವ ಕಿಟಕಿ, ಅಷ್ಟೇ ಗಾತ್ರದ ನೆಟ್ಟನೆಯ ಕಿಟಕಿಗಿಂತ ಹೆಚ್ಚು ಬೆಳಕು ತರುತ್ತದೆ, ಆಕಾಶಕ್ಕೆ ಮುಖ ಮಾಡಿರುವುದರಿಂದ ಹೆಚ್ಚು ಬಿಸಿಲನ್ನೂ ತರುತ್ತದೆ. ಹಾಗಾಗಿ ದೊಡ್ಡದೊಂದಕ್ಕಿಂತ ಎದುರುಬದುರಾಗಿ ಎರಡು ಚಿಕ್ಕವು ಮೇಲು, ಗಾಳಿ ಅಡ್ಡಹಾಯುತ್ತದೆ. ಮೆಟ್ಟಿಲಿನ ಮೇಲ್ಭಾಗದಲ್ಲಿ ಒಂದು ಕಿಟಕಿಯಿದ್ದರೆ, ಬಿಸಿ ಗಾಳಿ ಮೇಲೇರುವ ಸ್ವಭಾವದಿಂದಾಗಿ ರಾತ್ರಿ ಅದನ್ನು ತೆರೆದಾಗ ಇಡೀ ಮನೆ ತಣಿಯುತ್ತದೆ. ಗಾಜಿಗೆ ನೆರಳು ಹೊರಗಿನಿಂದಲೇ ಸಿಗಬೇಕು. ಒಳಗಿನ ಪರದೆಗೆ ಬಿಸಿಲು ತಾಗುವ ಹೊತ್ತಿಗೆ ಶಾಖ ಆಗಲೇ ಕೋಣೆ ಸೇರಿರುತ್ತದೆ. ಮಾಡನ್ನು ಸೀಳಿ ಗೋಡೆ, ಛಾವಣಿಗಳೊಂದಿಗೆ ಹೊರಚಾಚುವ ಡಾರ್ಮರ್ ಕಿಟಕಿಯು ನಿಲ್ಲುವ ಎತ್ತರ ಕೊಡುತ್ತದೆ ನಿಜ. ಆದರೆ ಅದಕ್ಕೆ ಹೆಚ್ಚು ಸಾಮಗ್ರಿ ಬೇಕು, ಶಾಖ ಸೋರುವ ಮೂಲೆಗಳೂ ಹೆಚ್ಚು. ಅಗತ್ಯವಿದ್ದರೆ ಮಾತ್ರ ಅದು ಇರಲಿ.

ಸೌರಫಲಕಗಳ ವಿಚಾರವನ್ನು ಕಿಟಕಿಯ ಜೊತೆಗೇ ತೀರ್ಮಾನಿಸಬೇಕು, ಏಕೆಂದರೆ ಎರಡೂ ಒಂದೇ ಮಾಡಿಗೆ ಸ್ಪರ್ಧಿಸುತ್ತವೆ. ಒಂದು ಕಿಲೋವ್ಯಾಟ್ ಸಾಮರ್ಥ್ಯಕ್ಕೆ ಸುಮಾರು ಐದು ಚದರ ಮೀಟರ್ ಬೇಕಾಗುತ್ತದೆ. ಹೆಚ್ಚು ಬಿಸಿಲು ಬೀಳುವ ಮಗ್ಗುಲನ್ನು ಫಲಕಗಳಿಗೆ ಬಿಟ್ಟು, ಕಿಟಕಿಗಳನ್ನು ಇನ್ನೊಂದು ಮಗ್ಗುಲಿಗೆ ಒಯ್ದರೆ ಕೋಣೆಯ ಸೆಕೆಯೂ ತಗ್ಗುತ್ತದೆ. ಈಗ ಫಲಕ ಹಾಕಿಸದಿದ್ದರೂ, ಸಾರುವೆ ಕಟ್ಟಿರುವಾಗಲೇ ವೈರಿನ ಕೊಳವೆ ಹಾಯಿಸಿಡಬಹುದು.

ಬಚ್ಚಲು, ಒಳಮೈ, ಕಸ

ಮೇಲೆ ಬಚ್ಚಲುಮನೆ ಬೇಕಿದ್ದರೆ ಅದು ಕೆಳಗಿನ ಬಚ್ಚಲಿನ ನೇರಕ್ಕೆ ಇರಲಿ. ಕೊಳವೆಯ ಉದ್ದ ಕಡಿಮೆಯಾದಷ್ಟೂ, ಬಿಸಿನೀರು ಬರುವವರೆಗೆ ಹರಿದುಹೋಗುವ ತಣ್ಣೀರು ಉಳಿಯುತ್ತದೆ. ಒಳಮೈಗೆ ಮಣ್ಣಿನ ಅಥವಾ ಸುಣ್ಣದ ಗಿಲಾವು ಒಳ್ಳೆಯದು. ಮಣ್ಣು ಕೋಣೆಯ ತೇವಾಂಶವನ್ನು ಹೀರಿ ಮರಳಿ ಬಿಡುತ್ತದೆ. ಪ್ಲೈವುಡ್, ಪಾರ್ಟಿಕಲ್ ಬೋರ್ಡುಗಳ ಅಂಟಿನಿಂದ ಹೊರಬರುವ ಫಾರ್ಮಾಲ್ಡಿಹೈಡ್ ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ನಿರ್ಣಯಿಸಿದೆ. ಬಿಗಿಯಾದ ಸಣ್ಣ ಕೋಣೆಯಲ್ಲಿ ಇದರ ಪರಿಣಾಮ ಹೆಚ್ಚಾದ್ದರಿಂದ, ಕಡಿಮೆ ಹೊರಸೂಸುವ ದರ್ಜೆಯ ಹಲಗೆಯನ್ನೂ ಬಣ್ಣವನ್ನೂ ಆರಿಸಬೇಕು.

ಉಳಿದ ಜಿಪ್ಸಂ ಹಲಗೆಯ ತುಂಡುಗಳನ್ನು ಮಾತ್ರ ಇತರ ಕಸದೊಂದಿಗೆ ಬೆರೆಸಬಾರದು. ಕೊಳೆಯುವ ಕಸದೊಂದಿಗೆ ತಿಪ್ಪೆ ಸೇರಿದ ಜಿಪ್ಸಂನಿಂದ ವಿಷಕಾರಿಯಾದ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ; ಬೇರೆಯಾಗಿ ಕೊಟ್ಟರೆ ಅದೇ ಜಿಪ್ಸಂ ಹೊಸ ಹಲಗೆಯಾಗುತ್ತದೆ.

ಹಲಗೆ ಮುಚ್ಚುವ ಮುನ್ನ ಪ್ರತಿ ಮಗ್ಗುಲಿನ ಛಾಯಾಚಿತ್ರ ತೆಗೆದು, ಬಳಸಿದ ಸಾಮಗ್ರಿಯ ವಿವರಪತ್ರಗಳೊಂದಿಗೆ ಮನೆಯ ದಾಖಲೆಗಳಲ್ಲಿ ಇಡಬೇಕು. ಮುಂದೆ ಮೊಳೆ ಹೊಡೆಯುವವರಿಗೆ ವೈರು ಎಲ್ಲಿದೆ, ಹಾಳೆ ಎಲ್ಲಿದೆ ಎಂಬುದು ತಿಳಿಯುತ್ತದೆ. ಮೊದಲ ಮಳೆಗಾಲದಲ್ಲೂ ಮೊದಲ ಚಳಿಗಾಲದಲ್ಲೂ ಒಂದು ಸಣ್ಣ ತೇವಾಂಶಮಾಪಕವನ್ನು ಕೋಣೆಯಲ್ಲಿಟ್ಟು ನೋಡುತ್ತಿರಬೇಕು. ಅದು ವಾರಗಟ್ಟಲೆ ಶೇ 70ನ್ನು ದಾಟಿಯೇ ನಿಂತರೆ, ಅಥವಾ ಕಿಟಕಿಯ ಕೆಳಗಿನ ಮೂಲೆಯಲ್ಲಿ ಕಲೆ ಕಾಣಿಸಿಕೊಂಡರೆ, ಬಣ್ಣ ಬಳಿದು ಮುಚ್ಚದೆ ಕೆಲಸಗಾರರನ್ನು ಕೂಡಲೇ ಕರೆಸಿ ಸೋರಿಕೆಯ ಮೂಲವನ್ನು ಹುಡುಕಿಸಬೇಕು.